ಹುಣಸೆ ಬೀಜ ಇಲ್ಲದಿದ್ದರೆ ಈ ಬೈರಾಸು ಇಲ್ಲ

ನಾವಿಬ್ಬರು ಒಬ್ಬರನ್ನೊಬ್ಬರು ಮುಟ್ಟಿದ್ದನ್ನು ಎಣಿಸಿ ಬೈರಾಸಿನಲ್ಲಿ, ಅಂದರೆ ಟವೆಲಿನಲ್ಲಿ, ನೇಯಿಸುತ್ತೇನೆ ಅಂದಾಗ "ಲೆಕ್ಕ ಇಟ್ಟರೆ ಸಲಿಗೆ ಸಾಯ್ತದೆ" ಅಂದವರು ಮೂವರು. ಅದರಲ್ಲಿ ಇಬ್ಬರು ನನ್ನ ಹಾಗೇ ದಿನನಿತ್ಯದ ಚಿಲ್ಲರೆ ಸಂಗತಿಗಳನ್ನು ಎಣಿಸಿ ಚಿತ್ರ ಮಾಡುವವರು. ಒಬ್ಬ ಅಂತೂ ತಾನು ಕುಡಿದ ಚಹಾದ ಲೆಕ್ಕದಲ್ಲೇ ಒಂದು ಗೋಡೆ ತುಂಬಿಸಿದವ. ಮೂರನೆಯವ ನನ್ನ ಜೊತೆ ಮಂಗಳೂರಿನ ಬಿಜೈಯಲ್ಲಿ ಮನೆ ಮಾಡಿಕೊಂಡಿರುವವ, ಅಂದರೆ ಲೆಕ್ಕದ ಇನ್ನೊಂದು ಅರ್ಧ. ಈಗ ಹನ್ನೆರಡು ಬೈರಾಸು ಹಗ್ಗದ ಮೇಲೆ ಸಾಲಾಗಿ ನೇತಾಡುತ್ತಿವೆ. ತಿಂಗಳಿಗೊಂದು, 2023ರ ಜೂನಿನಿಂದ 2024ರ ಮೇ ತನಕ. ಮೂವರೂ ಬಾಯಿ ಮುಚ್ಚಿಕೊಂಡಿದ್ದಾರೆ.

ಎಣಿಸಿದ್ದು ಏನು ಅಂತ ಮೊದಲೇ ಹೇಳಿಬಿಡುತ್ತೇನೆ. ನಾವಿಬ್ಬರೂ ಗಂಡಸರು, ಒಬ್ಬರನ್ನೊಬ್ಬರು ಬೇಕೆಂದೇ ಮುಟ್ಟಿದ್ದು. ಹೆಗಲಿಗೆ ಕೈ, ಕುತ್ತಿಗೆಯ ಬೆವರು ಒರೆಸಿದ್ದು, ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಬ್ಯಾಗಿನ ಕೆಳಗೆ ಹಿಡಿದ ಬೆರಳು. ಬಂಗುಡೆಯ ತಟ್ಟೆ ದಾಟಿಸುವಾಗ ಕೈ ತಾಗಿದ್ದು ಲೆಕ್ಕಕ್ಕಿಲ್ಲ, ಅದು ಬರೀ ಮೀನು. ಇದನ್ನು ತೀರ್ಮಾನಿಸಲಿಕ್ಕೇ ನಮಗೆ ಮೂರು ದಿನ ಜಗಳ ಬೇಕಾಯಿತು. ರಾತ್ರಿ ದೀಪ ಆರಿದ ಮೇಲಿನದೂ ಇಲ್ಲ. ನಾಚಿಕೆಯಿಂದಲ್ಲ, ವಿಧಾನದ ತೊಂದರೆ. ನಮ್ಮ ಎಣಿಕೆ ನಡೆಯುವುದು ಕಿಸೆಯಲ್ಲಿ, ಆಗ ಕಿಸೆಯೇ ಇರುವುದಿಲ್ಲ.

ಕಿಸೆಗೆ ಬರುವ ಮೊದಲು ಎರಡು ಸಲ ಮುಗ್ಗರಿಸಿದೆ. ಫೋನಿನಲ್ಲಿ ಒಂದು ಫಾರ್ಮ್ ಮಾಡಿದ್ದೆ, ಮುಟ್ಟಿದ ಕೂಡಲೇ ಒತ್ತುವುದು. ಎಂಟನೇ ದಿನ ಅವನು, "ನಾನೆಂತ ಮಾರಾಯ, ಕರೆಂಟಿನ ಮೀಟರಾ?" ಅಂದ. ನಿಜವೇ. ಹೆಗಲ ಮೇಲಿಟ್ಟ ಕೈ ಮರುಕ್ಷಣ ಫೋನಿಗೆ ಹೋದರೆ ಹೆಗಲಿಗೆ ಗೊತ್ತಾಗುತ್ತದೆ. ಆಮೇಲೆ ಅಂಗಿಕಿಸೆಯಲ್ಲಿ ಸಣ್ಣ ಪುಸ್ತಕ ಇಟ್ಟೆ. ಮಂಗಳೂರಿನ ಏಪ್ರಿಲ್ ಗೊತ್ತಲ್ಲ, ಬೆವರಿಗೆ ಶಾಯಿ ಹರಡಿ ಎರಡು ವಾರದ ಲೆಕ್ಕ ನೀಲಿ ಮುದ್ದೆ.

ಉಪಾಯ ಸಿಕ್ಕಿದ್ದು ಅಮ್ಮನ ಮನೆಯ ಅಟ್ಟದಲ್ಲಿ. ಚೆನ್ನೆಮಣೆ! ಗುಳಿಗಳಿಗೆ ಬೀಜ ಹಾಕಿ ಆಡುವ ಮರದ ಮಣೆ. ಎರಡು ಸಾಲು, ಸಾಲಿಗೆ ಏಳು ಗುಳಿ. ಒಂದು ಸಾಲು ನನ್ನದು, ಒಂದು ಅವನದು, ಏಳು ಗುಳಿ ಏಳು ದಿನ. ನಮಗೆ ಬೇಕಾದ ಕೋಷ್ಟಕವನ್ನು ಯಾರೋ ಮರದಲ್ಲಿ ಕೆತ್ತಿ ಇಟ್ಟ ಹಾಗೆ. ಬೆಳಿಗ್ಗೆ ಬಲಗಿಸೆಗೆ ಒಂದು ಹಿಡಿ ಮಂಜೊಟ್ಟಿ ಕಾಳು (ಆ ಆಟದ ಕೆಂಪು ಬೀಜ), ಮುಟ್ಟಿದಾಗಲೆಲ್ಲ ಒಂದು ಎಡಗಿಸೆಗೆ. ಮುಟ್ಟಿದವರ ಕಿಸೆ ಲೆಕ್ಕಕ್ಕೆ, ಮುಟ್ಟಿಸಿಕೊಂಡವರದಲ್ಲ. ರಾತ್ರಿ ಎಡಗಿಸೆಯದ್ದು ಆ ದಿನದ ಗುಳಿಗೆ, ಭಾನುವಾರ ಎಕ್ಸೆಲ್‌ಗೆ. "ಆಟಿ ತಿಂಗಳು ಕಳೆದ ಮೇಲೆ ಮಣೆ ಹೊರಗಿಡಬಾರದು" ಅಂತ ಅಮ್ಮ ಗೊಣಗಿದರು; ಆಟಿ ಅಂದರೆ ತುಳುವರ ಮಳೆಗಾಲದ ತಿಂಗಳು. ಆಡುವುದಿಲ್ಲ, ಬೀಜ ಇಡ್ಲಿಕ್ಕೆ ಮಾತ್ರ ಅಂದೆ. ಒಂದು ವಾರದ ಬೀಜ ಪ್ಯಾಂಟಿನ ಜೊತೆ ವಾಷಿಂಗ್ ಮೆಷಿನ್ನಿಗೆ ಹೋಗಿ ಪಂಪಿನಲ್ಲಿ ಸಿಕ್ಕಿಕೊಂಡಿತು. ರಿಪೇರಿಗೆ ಆರುನೂರು ರೂಪಾಯಿ.

ಬಟ್ಟೆಯೇ ಯಾಕೆ ಅಂತ ಕೇಳುತ್ತೀರಿ. ಕಾಗದ ಇಲ್ಲಿನ ಮಳೆಗಾಲಕ್ಕೆ ಆಗುವುದಿಲ್ಲ, ನನ್ನ ಹಳೆಯ ಜಲವರ್ಣಗಳಿಗೆಲ್ಲ ಬೂಸ್ಟು. ಹಾಳೆತಟ್ಟೆಗೆ ತೂತು ಹೊಡೆದು ನೋಡಿದೆ, ಸೀಳಿತು. ಒಂದು ವಾರ ಶಂಕರಪುರ ಮಲ್ಲಿಗೆಯಲ್ಲೂ ಮಾಡಿದೆ: ಒಂದು ಚೆಂಡು ಅಂದರೆ 800 ಹೂವಿನ ಕಟ್ಟು ಅಲ್ಲವಾ, ಆ ದಾರದಲ್ಲೇ ನಡುನಡುವೆ ಅಬ್ಬಲಿಗೆ (ಕನಕಾಂಬರ) ಸೇರಿಸಿ ದಿನದ ಲೆಕ್ಕ ಕಟ್ಟುವುದು. ಅಷ್ಟು ಚಂದದ ಗ್ರಾಫ್ ನಾನು ಮತ್ತೆ ಮಾಡಿಲ್ಲ. ಆದರೆ ಮರುದಿನ ಸಂಜೆಗೆ ಕಂದು ಬಣ್ಣ, ಮದುವೆ ಸೀಸನ್ನಿನಲ್ಲಿ ದರ ಕೇಳುವ ಹಾಗೂ ಇಲ್ಲ.

ನೇಯಿಸಿದ್ದು ಕಿನ್ನಿಗೋಳಿ ಕಡೆಯ ಒಬ್ಬ ಅಕ್ಕನ ಮಗ್ಗದಲ್ಲಿ. ದಿನಕ್ಕೆ ಐದು ಸೆಂಟಿಮೀಟರ್, ಮೂವತ್ತು ದಿನಕ್ಕೆ ಒಂದೂವರೆ ಮೀಟರ್, ಸರಿಯಾಗಿ ಒಂದು ಬೈರಾಸು. ಒಂದು ಸ್ಪರ್ಶಕ್ಕೆ ನಾಲ್ಕು ಎಳೆ ಹೊಕ್ಕು, ಅಂದರೆ ಅಡ್ಡ ನೂಲು. ನನ್ನದು ಕೆಂಪು, ಅವನದು ನೀಲಿ, ಉಳಿದದ್ದೆಲ್ಲ ಹಾಸಿನ, ಅಂದರೆ ಉದ್ದ ನೂಲಿನ, ಹಾಗೇ ಬಿಳಿ. ನನ್ನ ಗ್ರಾಫ್ ಹಾಳೆಯನ್ನು ಅಕ್ಕ ಮುಟ್ಟಲೂ ಇಲ್ಲ. "ಇದು ನನಗೆ ಬೇಡ ಮಾರ್ರೆ, ಎಷ್ಟು ಎಳೆ ಯಾವ ಬಣ್ಣ ಅಂತ ಬರೆದು ಕೊಡಿ" ಅಂದರು. ಚೀಟಿ ಬರೆಯುವುದೇ ದೊಡ್ಡ ಕೆಲಸವಾಯಿತು.

ಪ್ರಯೋಗಕ್ಕೆ ಮೊದಲು ಒಂದೇ ತಿಂಗಳಿನದು ನೇಯಿಸಿದ್ದು, 2023ರ ಮೇಯಲ್ಲಿ. ಕೆಂಪು ಬಣ್ಣ ಬಿಟ್ಟು ಮೊದಲ ಒಗೆತಕ್ಕೇ ಬೈರಾಸು, ಜೊತೆಗಿದ್ದ ಬನಿಯನ್ನು ಎಲ್ಲ ಗುಲಾಬಿ. ನಾಲ್ಕು ಸಾವಿರದ ಚಿಲ್ಲರೆ ನೀರಿಗೆ. ಆದರೆ ದುಡ್ಡಿಗಿಂತ ಬೆಲೆಬಾಳುವ ಮಾತೊಂದು ಅಲ್ಲಿ ಸಿಕ್ಕಿತು. ಲಾಳಿಗೆ ಕಂಡಿಕೆ (ನೂಲು ಸುತ್ತಿದ ಸಣ್ಣ ಕಡ್ಡಿ) ಬದಲಾಯಿಸುತ್ತಾ ಅಕ್ಕ ಕೇಳಿದರು, "ಈ ನೀಲಿ ಯಾರದ್ದು?"

"ನನ್ನ ಜೊತೆ ಇರುವವನದು."

"ಅವ ಜಿಪುಣ ಮಾರ್ರೆ. ನಿಮ್ಮ ಕೆಂಪು ನಾಲ್ಕು ಕಂಡಿಕೆ ಮುಗೀತು. ನೀಲಿ ಒಂದು ಹಾಗೇ ಉಂಟು."

ಏನು ಎಣಿಸಿದ್ದು ಅಂತ ನಾನು ಅವರಿಗೆ ಹೇಳಿಯೇ ಇರಲಿಲ್ಲ. ಬಟ್ಟೆಯನ್ನು ಯಾರು ಓದುತ್ತಾರೆ ಅಂದಿದ್ದ ಚಹಾದ ಲೆಕ್ಕದವನಿಗೆ ಆ ಸಂಜೆಯೇ ಫೋನು ಮಾಡಿದೆ.

ಮನೆಯಲ್ಲಿ ಹೇಳಿದ್ದು ತಪ್ಪಾಯಿತು. ಅವನು ಊಟ ಬಿಟ್ಟು ಎದ್ದ. ಬಹಳ ಹೊತ್ತಿನ ಮೇಲೆ ಬಂದು, "ನಾನು ಮುಟ್ಟಬೇಕು ಅಂತ ಕೈ ಎತ್ತಿ ಹಿಂದೆ ತೆಗೊಂಡದ್ದನ್ನು ಯಾರು ಎಣಿಸಿದ್ದು?" ಅಂದ. ಯಾರೂ ಎಣಿಸಿರಲಿಲ್ಲ. ಅಷ್ಟು ದಿನದ ಲೆಕ್ಕ ಅಲ್ಲಿಗೆ ಕಸ. ಮರುದಿನ ಅಡುಗೆಮನೆಯ ಹುಣಸೆ ಬೀಜ ತೊಳೆದು ಒಣಗಿಸಿದೆ. ಜೂನ್ 1ರಿಂದ ಮುಟ್ಟಿದ್ದಕ್ಕೆ ಮಂಜೊಟ್ಟಿ, ಮುಟ್ಟದೆ ಬಿಟ್ಟದ್ದಕ್ಕೆ ಹುಣಸೆ.

ಹುಣಸೆ ಬೀಜವನ್ನು ಬಟ್ಟೆಯಲ್ಲಿ ತೋರಿಸುವುದು ಬಣ್ಣದಿಂದಲ್ಲ. ಅಲ್ಲಿ ಹೊಕ್ಕೇ ಇಲ್ಲ, ನಾಲ್ಕು ಎಳೆಯ ಜಾಗ ಖಾಲಿ, ಯಾರದ್ದು ಅಂತ ತಿಳಿಯಲಿಕ್ಕೆ ಅಂಚಿನಲ್ಲಿ ಒಂದು ಬಣ್ಣದ ಎಳೆ ಮಾತ್ರ. ಹೇಳಲಿಕ್ಕೆ ಸುಲಭ. ಎರಡು ಸಲ ಒಗೆದಾಗ ಅಕ್ಕಪಕ್ಕದ ಎಳೆ ಸರಿದು ಖಾಲಿಯೆಲ್ಲ ಮುಚ್ಚಿಹೋಯಿತು. ಅದನ್ನು ನಿಲ್ಲಿಸುವ ದಾರಿ ನಾನೂ ಅಕ್ಕನೂ ಸೇರಿ ಕಂಡುಕೊಂಡಿದ್ದೇವೆ, ಇಲ್ಲಿ ಬರೆಯುವುದಿಲ್ಲ. ಗಂಜಿ ಒಂದರಿಂದ ಆಗುವುದಿಲ್ಲ ಅನ್ನುವಷ್ಟು ಹೇಳಿದರೆ ಸಾಕು, ಉಳಿದದ್ದು ನೀವೇ ನಾಲ್ಕು ಸಾವಿರ ಕಳೆದುಕೊಂಡು ಕಲಿಯಿರಿ.

ವರ್ಷದ ಒಟ್ಟು ನೆನಪಿನಿಂದ: ನನ್ನ ಕೆಂಪು 2300ರ ಹತ್ತಿರ, ಅವನ ನೀಲಿ 900. ಹುಣಸೆ ನನ್ನದು 340, ಅವನದು ಸಾವಿರ ದಾಟಿತ್ತು. ಕೂಡಿಸಿ ನೋಡಿ, ಜಿಪುಣನಾ?

ನನಗೆ ಆಶ್ಚರ್ಯವಾದದ್ದು ಜಾಗದ ಲೆಕ್ಕ. ಅಪರಿಚಿತರ ನಡುವೆ ಹುಣಸೆ ಬೀಳುವುದೇ ಇಲ್ಲ. ಕುದ್ರೋಳಿ ದಸರಾದ ಜನಜಂಗುಳಿಯಲ್ಲಿ, ಮಲ್ಪೆ ಕಡಲತೀರದಲ್ಲಿ ಇಬ್ಬರು ಗಂಡಸರು ಕೈ ಹಿಡಿದು ಹೋದರೆ ನಮ್ಮೂರಲ್ಲಿ ಯಾರೂ ತಿರುಗಿ ನೋಡುವುದಿಲ್ಲ, ದೋಸ್ತಿಗಳು ಅಂದುಕೊಳ್ಳುತ್ತಾರೆ. ಜೂನ್-ಜುಲೈ ಬೈರಾಸು ಎಲ್ಲಕ್ಕಿಂತ ದಟ್ಟ, ಯಾಕೆಂದರೆ ಒಂದೇ ಕೊಡೆ. ಕೊಡೆಯೊಳಗೆ ಹೆಗಲು ತಬ್ಬಿದವರನ್ನು ಯಾರು ಏನು ಕೇಳುತ್ತಾರೆ? ಗುರುತಿನವರು ಸೇರುವಲ್ಲಿ ಮಾತ್ರ ಕೈ ಹಿಂದೆ ಹೋಗುತ್ತದೆ. 2023ರ ಅಕ್ಟೋಬರ್ 17ರಂದು ನಮ್ಮಂಥವರ ಮದುವೆಗೆ ಮಾನ್ಯತೆ ಕೊಡಲಿಕ್ಕೆ ಆಗುವುದಿಲ್ಲ ಅಂತ ಸುಪ್ರೀಂ ಕೋರ್ಟು ಹೇಳಿದ ದಿನ ಬಟ್ಟೆಯಲ್ಲಿ ಹುಡುಕಿದರೂ ಕಾಣುವುದಿಲ್ಲ, ನಾಲ್ಕು ಕೆಂಪು, ಎರಡು ನೀಲಿ, ಎಂದಿನಂತೆ. ಕಾಣುವುದು ನವೆಂಬರ್‌ನಲ್ಲಿ ಉಡುಪಿಯಲ್ಲಿ ಅವನ ತಂಗಿಯ ಮದುವೆ. ಮೂರು ದಿನ ಒಂದು ಕೆಂಪಿಲ್ಲ, ಒಂದು ನೀಲಿಯಿಲ್ಲ, ಇಬ್ಬರದೂ ಸೇರಿ ಐವತ್ತರ ಹತ್ತಿರ ಹುಣಸೆ. ಆ ಹದಿನೈದು ಸೆಂಟಿಮೀಟರ್ ಸೊಳ್ಳೆಪರದೆಯ ಹಾಗಿದೆ. ಮಣ್ಣಗುಡ್ಡೆಯಲ್ಲಿ ಗೆಳೆಯರೊಬ್ಬರ ಹಂಚಿನ ಮನೆಯ ಜಗಲಿಯಲ್ಲಿ ಎರಡು ಭಾನುವಾರ ತೂಗುಹಾಕಿದ್ದೆ. ನಿವೃತ್ತ ಬ್ಯಾಂಕಿನವರೊಬ್ಬರು ಅದರ ಮುಂದೆ ನಿಂತು, "ಇಲ್ಲಿ ಯಾರಾದರೂ ತೀರಿಕೊಂಡರಾ?" ಎಂದು ಮೆಲ್ಲಗೆ ಕೇಳಿದರು. ಇಲ್ಲ ಸರ್, ಮದುವೆ ಅಂದೆ.

ದುಡ್ಡಿನ ವಿಷಯ. ಇಷ್ಟು ಲಾಳಿ ಬದಲಾಯಿಸುವ ಕೆಲಸಕ್ಕೆ ಬೈರಾಸಿಗಿಷ್ಟು ಅಂತ ಯಾರೂ ಒಪ್ಪುವುದಿಲ್ಲ, ದಿನಗೂಲಿಯೇ ಸರಿ. ಏಳುನೂರರಂತೆ ಇಪ್ಪತ್ತೆರಡೋ ಇಪ್ಪತ್ಮೂರೋ ದಿನ. ಹಾಸು ಹದಿನೆಂಟು ಮೀಟರಿಗೆ ಮಾತ್ರ ಹೂಡಿ ಅಂದರೆ ನಗುತ್ತಾರೆ, ಇಡೀ ಹಾಸಿನ ದುಡ್ಡು ನನ್ನ ತಲೆಗೆ. ಹಾಳಾದದ್ದೂ ಸೇರಿ ಮೂವತ್ತೈದು ಸಾವಿರ ದಾಟಿತು. ಆಗಸ್ಟ್ ಮತ್ತು ಜನವರಿಯ ಚೀಟಿ ಇಟ್ಟುಕೊಂಡು ಇನ್ನೊಂದು ಪ್ರತಿ ನೇಯಿಸಿ ಮಾರಿದೆ, ತಲಾ ಆರು ಸಾವಿರ. ನವೆಂಬರಿಗೆ ಒಬ್ಬರು ಹತ್ತು ಹೇಳಿದರು. ಅವನು ಕೊಡಲಿಲ್ಲ. ಬೇಗ ಒಣಗುತ್ತದೆ ಅಂತ ದಿನಾ ಸ್ನಾನಕ್ಕೆ ಅದನ್ನೇ ಒಯ್ಯುತ್ತಾನೆ.

ಮಗ್ಗದಲ್ಲಿ ಇನ್ನೂ ಮೂರು ಮೀಟರ್ ಹಾಸು ಉಳಿದಿದೆ. ಅಕ್ಕನಿಗೆ ಮಗ್ಗ ಖಾಲಿಯಾಗಬೇಕು, ವಾರಕ್ಕೊಮ್ಮೆ ಫೋನು ಮಾಡುತ್ತಾರೆ: "ಚೀಟಿ ಎಂತ ಆಯ್ತು? ನೀಲಿ ನೂಲು ಅರ್ಧ ಕಿಲೋ ಹಾಗೇ ಬಿದ್ದಿದೆ, ಅವರಿಗೆ ಸ್ವಲ್ಪ ಹೇಳಿ."