100 ಎಂಬಿಯನ್ನು ಕಸವೆಂದು ಅಳಿಸಿದ ಮೇಲೆ

ವಿಂಡೋಸ್ ಜೊತೆ ಒಂದೇ ಡಿಸ್ಕಿನಲ್ಲಿದ್ದ ಲಿನಕ್ಸ್‌ಗೆ ಇನ್ನಷ್ಟು ಜಾಗ ಮಾಡಿಕೊಡುವ ಹುಮ್ಮಸ್ಸಿನಲ್ಲಿ ಒಂದು ರಾತ್ರಿ ಲೈವ್ ಯುಎಸ್‌ಬಿಯಿಂದ (ಇನ್‌ಸ್ಟಾಲ್ ಮಾಡದೆಯೇ ಲಿನಕ್ಸ್ ಓಡಿಸುವ ಪೆನ್‌ಡ್ರೈವ್) ಡಿಸ್ಕನ್ನು ಪಾರ್ಟಿಷನ್‌ಗಳಾಗಿ ವಿಂಗಡಿಸುವ ಜಿಪಾರ್ಟೆಡ್ ತೆರೆದೆ. ಡಿಸ್ಕಿನ ಆರಂಭದಲ್ಲೇ 100 ಎಂಬಿಯ ಒಂದು ಪಾರ್ಟಿಷನ್ ಕಂಡಿತು. ವಿಂಡೋಸ್‌ನಲ್ಲಿ ಅದಕ್ಕೆ ಡ್ರೈವ್ ಅಕ್ಷರವೇ ಇಲ್ಲದ್ದರಿಂದ ನಾನು ಅದನ್ನು ಎಂದೂ ನೋಡಿರಲಿಲ್ಲ. ಕಸವೆಂದು ಅಳಿಸಿದೆ, ಸಾಲದೆಂಬಂತೆ ಫಾರ್ಮ್ಯಾಟ್ ಕೂಡ ಮಾಡಿದೆ. ಮರುದಿನ ವಿಂಡೋಸೂ ಏಳಲಿಲ್ಲ, ಲಿನಕ್ಸೂ ಏಳಲಿಲ್ಲ. ಎರಡನ್ನೂ ಎಬ್ಬಿಸುವ ಪ್ರೋಗ್ರಾಂಗಳು, ಅಂದರೆ ಬೂಟ್‌ಲೋಡರ್‌ಗಳು, ಅದೊಂದರಲ್ಲೇ ಇದ್ದವು. ಅದೇ ಇಎಫ್‌ಐ ಸಿಸ್ಟಮ್ ಪಾರ್ಟಿಷನ್ (ಇಎಸ್‌ಪಿ).

ಅಡಗಿರುವ ಪಾರ್ಟಿಷನ್‌ಗಳನ್ನು ಗಾತ್ರ ನೋಡಿ ಗುರುತಿಸಲು ಹೋಗಬೇಡಿ. ಜಿಪಾರ್ಟೆಡ್‌ನ ಕೊನೆಯಲ್ಲಿರುವ ಫ್ಲ್ಯಾಗ್ ಕಾಲಮ್ ಓದಿ. ‘ಬೂಟ್, ಇಎಸ್‌ಪಿ’ ಎಂದಿದ್ದರೆ ಅದು ನಾನು ಕಳೆದುಕೊಂಡದ್ದು. ಫೈಲ್ ಸಿಸ್ಟಮ್ ಸಾಮಾನ್ಯವಾಗಿ ಫ್ಯಾಟ್32. ‘ಎಂಎಸ್‌ಎಫ್‌ಟಿಆರ್‌ಇಎಸ್’ ಎಂದಿರುವ 16 ಎಂಬಿಯದು ವಿಂಡೋಸ್ ಕಾದಿರಿಸಿಕೊಂಡ ಜಾಗ. ಅದರಲ್ಲಿ ಫೈಲ್ ಸಿಸ್ಟಮ್ಮೇ ಇರುವುದಿಲ್ಲ, ಹಾಗಾಗಿ ಜಿಪಾರ್ಟೆಡ್ ಅದನ್ನು ಗುರುತಿಸಲಾಗದೆ ಎಚ್ಚರಿಕೆಯ ಚಿಹ್ನೆ ತೋರಿಸುತ್ತದೆ. ಕೆಟ್ಟಿದೆಯೆಂದು ಸರಿಪಡಿಸಲು ಹೊರಡಬೇಡಿ. ‘ಹಿಡನ್, ಡಯಾಗ್’ ಎಂದಿದ್ದರೆ ರಿಕವರಿ ಪಾರ್ಟಿಷನ್.

ಬರೀ ಅಳಿಸಿ ನಿಲ್ಲಿಸಿದ್ದೀರಾ? ನಿಮ್ಮದು ನನಗಿಂತ ಒಳ್ಳೆಯ ಅದೃಷ್ಟ. ಅಳಿಸಿದಾಗ ಹೋಗುವುದು ಪಾರ್ಟಿಷನ್ ಪಟ್ಟಿಯಲ್ಲಿನ ನಮೂದು ಮಾತ್ರ, ಒಳಗಿನ ಕಡತಗಳಲ್ಲ. ಡಿಸ್ಕಿಗೆ ಬೇರೇನನ್ನೂ ಬರೆಯದೆ, ಕಳೆದ ಪಾರ್ಟಿಷನ್ ಹುಡುಕುವ ಟೆಸ್ಟ್‌ಡಿಸ್ಕ್ ಓಡಿಸಿದರೆ ಬಹುಪಾಲು ಸಿಗುತ್ತದೆ.

ನನ್ನಂತೆ ಫಾರ್ಮ್ಯಾಟ್ ಮಾಡಿದ್ದರೆ ಹೊಸದನ್ನೇ ಕಟ್ಟಬೇಕು, ವಿಂಡೋಸ್‌ನಿಂದ ಶುರುಮಾಡಿ. ವಿಂಡೋಸ್ ಡ್ರೈವಿಗೆ ಬಿಟ್‌ಲಾಕರ್ ಬೀಗ (ಎನ್‌ಕ್ರಿಪ್ಷನ್) ಇದ್ದರೆ 48 ಅಂಕಿಗಳ ರಿಕವರಿ ಕೀ ಮೊದಲು ಕೈಯಲ್ಲಿರಲಿ. ತಪ್ಪಾಗಿ ಮಾಡಿದ ಪಾರ್ಟಿಷನ್ ಅಳಿಸಿ ಜಾಗ ಖಾಲಿ ಬಿಡಿ. ವಿಂಡೋಸ್ ಇನ್‌ಸ್ಟಾಲ್ ಯುಎಸ್‌ಬಿಯನ್ನು ಯುಇಎಫ್‌ಐ ಕ್ರಮದಲ್ಲಿ (ಹಳೆಯ ಬಯೋಸ್ ಕ್ರಮದಲ್ಲಲ್ಲ) ಬೂಟ್ ಮಾಡಿ, ಮೊದಲ ಪರದೆಯಲ್ಲಿ ಶಿಫ್ಟ್ ಮತ್ತು ಎಫ್10 ಒತ್ತಿದರೆ ಆದೇಶ ಟೈಪ್ ಮಾಡುವ ಕಪ್ಪು ಕಿಟಕಿ ತೆರೆಯುತ್ತದೆ. (ಆದೇಶಗಳನ್ನು ಉಚ್ಚಾರದಂತೆ ಬರೆದಿದ್ದೇನೆ, ಟೈಪ್ ಮಾಡುವುದು ಇಂಗ್ಲಿಷ್ ಅಕ್ಷರಗಳಲ್ಲಿ.)

‘ಡಿಸ್ಕ್‌ಪಾರ್ಟ್’, ನಂತರ ‘ಲಿಸ್ಟ್ ಡಿಸ್ಕ್’. ಬಲತುದಿಯ ಜಿಪಿಟಿ (ಪಾರ್ಟಿಷನ್ ಪಟ್ಟಿಯ ಹೊಸ ಬಗೆ) ಕಾಲಮ್ಮಿನಲ್ಲಿ ನಕ್ಷತ್ರ ಚಿಹ್ನೆ ಇರಬೇಕು. ಇಲ್ಲದಿದ್ದರೆ ಈ ದಾರಿ ನಿಮ್ಮದಲ್ಲ, ಇಲ್ಲೇ ನಿಲ್ಲಿಸಿ. ‘ಸೆಲೆಕ್ಟ್ ಡಿಸ್ಕ್ 0’ ಎನ್ನುವ ಮುಂಚೆ ಗಾತ್ರ ನೋಡಿಕೊಳ್ಳಿ, ಯುಎಸ್‌ಬಿ ಕೂಡ ಅದೇ ಪಟ್ಟಿಯಲ್ಲಿರುತ್ತದೆ. ಆಮೇಲೆ ‘ಕ್ರಿಯೇಟ್ ಪಾರ್ಟಿಷನ್ ಇಎಫ್‌ಐ ಸೈಜ್=100’, ‘ಫಾರ್ಮ್ಯಾಟ್ ಕ್ವಿಕ್ ಎಫ್‌ಎಸ್=ಫ್ಯಾಟ್32’, ‘ಅಸೈನ್ ಲೆಟರ್=ಝಡ್’. ಹೊರಬರುವ ಮುಂಚೆ ‘ಲಿಸ್ಟ್ ವಾಲ್ಯೂಮ್’ ಕೊಡಿ. ಇಲ್ಲಿ ವಿಂಡೋಸ್ ಇರುವ ಡ್ರೈವ್ ಸಿ ಆಗಿಯೇ ಇರಬೇಕೆಂದಿಲ್ಲ. ನನ್ನದು ಡಿ ಆಗಿತ್ತು, ಅದು ತಿಳಿಯದೆ ಅರ್ಧ ಗಂಟೆ ಹಾಳಾಯಿತು. ಕೊನೆಗೆ ‘ಎಕ್ಸಿಟ್’ ಕೊಟ್ಟು ‘ಬಿಸಿಡಿಬೂಟ್ ಡಿ:\ವಿಂಡೋಸ್ /ಎಸ್ ಝಡ್: /ಎಫ್ ಯುಇಎಫ್‌ಐ’. (ಡಿ ಇರುವಲ್ಲಿ ನಿಮ್ಮ ಅಕ್ಷರ ಹಾಕಿ.) ವಿಂಡೋಸ್ ಎದ್ದಿತು.

ಲಿನಕ್ಸ್ ನನ್ನನ್ನು ಹೆಚ್ಚು ಕಾಡಿಸಿತು. ಲೈವ್ ಯುಎಸ್‌ಬಿಯಿಂದ ರೂಟ್ ಪಾರ್ಟಿಷನ್ನನ್ನೂ ಅದರೊಳಗಿನ ‘/ಬೂಟ್/ಇಎಫ್‌ಐ’ಗೆ ಹೊಸ ಪಾರ್ಟಿಷನ್ನನ್ನೂ ಮೌಂಟ್ ಮಾಡಿ, ಡೆವ್, ಪ್ರಾಕ್, ಸಿಸ್‌ಗಳನ್ನು ಬೈಂಡ್ ಮಾಡಿ, ಸಿಎಚ್‌ರೂಟ್ ಆದೇಶದಿಂದ ಡಿಸ್ಕಿನ ಲಿನಕ್ಸ್ ಒಳಹೊಕ್ಕು, ಲಿನಕ್ಸ್‌ನ ಬೂಟ್‌ಲೋಡರ್ ಗ್ರಬ್ ಮರಳಿ ಹಾಕಲು ‘ಗ್ರಬ್-ಇನ್‌ಸ್ಟಾಲ್’, ‘ಅಪ್‌ಡೇಟ್-ಗ್ರಬ್’ ಓಡಿಸಿದೆ. ಮೆನು ಬಂದಿತು, ಲಿನಕ್ಸ್ ಆರಿಸಿದೆ. 1 ನಿಮಿಷ 30 ಸೆಕೆಂಡುಗಳ ಎಣಿಕೆ ಶುರುವಾಯಿತು. ಅದು ಮುಗಿದು ತುರ್ತು ಕ್ರಮದ ಪರದೆ ಬಂದಿತು. ಯಾವ ಡಿಸ್ಕಿಗೆ ಕಾಯುತ್ತಿತ್ತು? ನಾನು ಅಳಿಸಿದ್ದಕ್ಕೇ. ಯಾವ ಪಾರ್ಟಿಷನ್ ಎಲ್ಲಿ ಮೌಂಟ್ ಆಗಬೇಕೆಂದು ಹೇಳುವ ಎಫ್‌ಎಸ್‌ಟ್ಯಾಬ್ ಕಡತದಲ್ಲಿ ಅದರ ಹಳೆಯ ಯುಯುಐಡಿ (ಗುರುತಿನ ಸಂಖ್ಯೆ) ಹಾಗೇ ಉಳಿದಿತ್ತು. ‘ಬಿಎಲ್‌ಕೆಐಡಿ’ ಕೊಟ್ಟು ಹೊಸದನ್ನು ನೋಡಿ. ಫ್ಯಾಟ್32ನದು ಎಂಟೇ ಅಕ್ಷರ, ನಡುವೆ ಒಂದು ಅಡ್ಡಗೆರೆ, ಉಳಿದವುಗಳ ಉದ್ದದ ನಡುವೆ ತಟ್ಟನೆ ಕಾಣುತ್ತದೆ. ‘/ಬೂಟ್/ಇಎಫ್‌ಐ’ ಸಾಲಿನಲ್ಲಿ ಅದನ್ನು ಬದಲಿಸಿ. ಸಿಎಚ್‌ರೂಟ್‌ನಲ್ಲಿದ್ದಾಗಲೇ ಮಾಡಿದರೆ ನನ್ನ ಹಾಗೆ ಎರಡು ಸಲ ಒಳಹೊಕ್ಕು ಬರಬೇಕಿಲ್ಲ.

ಮೆನುವಿನಲ್ಲಿ ವಿಂಡೋಸ್ ಕಾಣದಿದ್ದರೆ ಗಾಬರಿ ಬೇಡ. ಗ್ರಬ್ 2.06ರಿಂದ ಬೇರೆ ವ್ಯವಸ್ಥೆಗಳನ್ನು ಹುಡುಕುವ ಕೆಲಸ ತಾನಾಗಿ ನಡೆಯುವುದಿಲ್ಲ. ‘/ಇಟಿಸಿ/ಡೀಫಾಲ್ಟ್/ಗ್ರಬ್’ನಲ್ಲಿ ‘ಗ್ರಬ್_ಡಿಸೇಬಲ್_ಓಎಸ್_ಪ್ರೋಬರ್=ಫಾಲ್ಸ್’ ಸೇರಿಸಿ ಮತ್ತೆ ‘ಅಪ್‌ಡೇಟ್-ಗ್ರಬ್’ ಕೊಡಿ.

ಜಿಪಿಟಿ ಪಾರ್ಟಿಷನ್‌ಗಳಿಗೆ ಜಿಪಾರ್ಟೆಡ್‌ನಲ್ಲಿ ಹೆಸರಿಡಬಹುದು. ನನ್ನ ಹೊಸ 100 ಎಂಬಿಯ ಹೆಸರು ಈಗ ‘ಮುಟ್ಟಬೇಡ’.