ಬಸ್ಸಾರಿನ ಪಲ್ಯ ಮತ್ತು ನನ್ನ ಒಂಬತ್ತು ಕಿಲೊ

ಬಸ್ಸಾರು ಮಾಡಿದ ದಿನ ನಮ್ಮ ಮನೆಯಲ್ಲಿ ಸಾರಿನ ಪಾತ್ರೆ ಮಧ್ಯಾಹ್ನಕ್ಕೇ ಖಾಲಿಯಾಗುತ್ತಿತ್ತು, ಪಲ್ಯದ ಪಾತ್ರೆ ರಾತ್ರಿಗೂ ಹಾಗೆಯೇ ಇರುತ್ತಿತ್ತು. ಕಾಳು, ಸೊಪ್ಪು ಬೇಯಿಸಿ, ಬಸಿದು, ಆ ಕಟ್ಟಿಗೆ ಖಾರ ಅರೆದು ಹಾಕಿ ಕುದಿಸಿದ ಸಾರಿನಲ್ಲಿ ಮುದ್ದೆ ಮುರಿದು ನುಂಗುವುದೇ ಊಟ. ಅದರ ಮೇಲೆ ಮೂರು ಸೌಟು ಅನ್ನ. ಬಸಿದ ಕಾಳು ಸೊಪ್ಪಿಗೆ ತಟ್ಟೆಯ ಅಂಚಿನಲ್ಲಿ ಒಂದು ಚಮಚದಷ್ಟು ಜಾಗ. ಮಂಡ್ಯ ಸೀಮೆಯಲ್ಲಿ ಹುಟ್ಟಿ ಬೆಳೆದ ನಾನು ನಲವತ್ತಾರು ವರ್ಷ ಹೀಗೆಯೇ ಉಂಡವಳು.

ಎರಡು ವರ್ಷದ ಹಿಂದೆ ಮಂಡಿನೋವಿಗೆಂದು ವೈದ್ಯರ ಬಳಿ ಹೋದಾಗ ತೂಕ 72 ಕಿಲೊ ಇತ್ತು. ನನ್ನ ಎತ್ತರ 156 ಸೆಂಟಿಮೀಟರ್. ಬಿಎಂಐ, ಅಂದರೆ ಎತ್ತರಕ್ಕೆ ತಕ್ಕಂತೆ ತೂಕ ಎಷ್ಟಿದೆ ಎಂದು ನೋಡುವ ಅಳತೆ, 29 ದಾಟಿತ್ತು. ಭಾರತೀಯರಿಗೆ 23 ದಾಟಿದರೆ ಅಧಿಕ ತೂಕ, 25 ದಾಟಿದರೆ ಬೊಜ್ಜು ಎಂದು ಲೆಕ್ಕ. ಸೊಂಟದ ಸುತ್ತಳತೆ ಹೆಂಗಸರಿಗೆ 80 ಸೆಂಟಿಮೀಟರ್ ಮೀರಬಾರದು, ನನ್ನದು 96. ಅದಕ್ಕೂ ಮೊದಲು ಎರಡು ಸಲ ತೂಕ ಇಳಿಸಲು ಹೊರಟಿದ್ದೆ. ಒಮ್ಮೆ ರಾತ್ರಿಯ ಊಟ ಬಿಟ್ಟೆ, ಇನ್ನೊಮ್ಮೆ ಅನ್ನವನ್ನು ಪೂರ್ತಿ ಬಿಟ್ಟು ಓಟ್ಸ್ ಗಂಜಿ ಕುಡಿದೆ. ಎರಡೂ ಸಲ ಮೂರು ನಾಲ್ಕು ಕಿಲೊ ಇಳಿದು ಮತ್ತೆ ಏರಿತು. ಹಲ್ಲು ಕಚ್ಚಿ ಹಸಿದಿರುವುದು ಎಷ್ಟು ದಿನ ಸಾಧ್ಯ?

ಈ ಸಲ ಏನನ್ನೂ ಬಿಡದೆ, ಎರಡು ವಾರ ಬರೀ ಬರೆದಿಟ್ಟೆ. ಏನು ತಿಂದೆ, ಎಷ್ಟು ಗಂಟೆಗೆ, ತಿನ್ನುವಾಗ ನಿಜವಾಗಿ ಹಸಿವಿತ್ತೇ. ಪ್ರೌಢಶಾಲೆಯಲ್ಲಿ ಗಣಿತ ಕಲಿಸುವವಳು ನಾನು, ಲೆಕ್ಕ ಇಡುವುದು ಕಷ್ಟವಾಗಲಿಲ್ಲ. ನೋಟ್‌ಬುಕ್ಕಿನಲ್ಲಿ ಒಂದು ಹೊತ್ತು ಎದ್ದು ಕಾಣಿಸಿತು: ಸಂಜೆ ನಾಲ್ಕೂವರೆಯಿಂದ ಆರು. ಬಸ್ಸು ಇಳಿದ ಕೂಡಲೇ ಬೇಕರಿಯಲ್ಲಿ ಖಾರಾ ಬನ್ ಇಲ್ಲವೇ ಪಫ್ಸ್, ಮನೆಗೆ ಬಂದು ಟೀ ಜೊತೆ ನಿಪ್ಪಟ್ಟು, ಅಡುಗೆಗೆ ನಿಂತಾಗ ಹಿಡಿ ತುಂಬ ಕಡಲೆಬೀಜ. ಹದಿನಾಲ್ಕರಲ್ಲಿ ಹನ್ನೊಂದು ದಿನ ಇದೇ ಕಥೆ. ಉಳಿದ ಮೂರು ದಿನ ಬೇಕರಿಯ ನೆನಪೇ ಆಗಿರಲಿಲ್ಲ. ಆ ಮೂರು ದಿನ ಮಧ್ಯಾಹ್ನ ಉಂಡದ್ದೇನು ಎಂದು ಹಾಳೆ ತಿರುಗಿಸಿದೆ. ಒಂದು ದಿನ ಅವರೆಕಾಳಿನ ಹುಳಿ, ಒಂದು ದಿನ ಮೊಟ್ಟೆ ಸಾರು, ಮತ್ತೊಂದು ದಿನ ಹಿಂದಿನ ರಾತ್ರಿ ಉಳಿದಿದ್ದ ಬಸ್ಸಾರಿನ ಪಲ್ಯವನ್ನೇ ಡಬ್ಬಿ ತುಂಬ ಒಯ್ದಿದ್ದೆ. ಮಿಕ್ಕ ದಿನಗಳೆಲ್ಲ ಚಿತ್ರಾನ್ನ, ಪುಳಿಯೋಗರೆ, ಉಪ್ಪಿಟ್ಟು. ನನ್ನ ಸಂಜೆಯ ಹಸಿವು ಮಧ್ಯಾಹ್ನದ ಡಬ್ಬಿಯಲ್ಲಿ ಹುಟ್ಟುತ್ತಿತ್ತು.

ಹಾಗಾಗಿ ಮೊದಲು ಬದಲಾದದ್ದು ಡಬ್ಬಿ. ಮೊದಲು ತುಂಬಿಕೊಂಡು ಹೋಗುತ್ತಿದ್ದ ಚಿತ್ರಾನ್ನವನ್ನು ತೂಗಿದರೆ 400 ಗ್ರಾಂ ಇತ್ತು. ಈಗ ಅನ್ನ 150 ಗ್ರಾಂ. ಒಂದು ಬಟ್ಟಲು ಪೂರ್ತಿ ಕಾಳು ಸೊಪ್ಪಿನ ಪಲ್ಯ, ಇನ್ನೊಂದರಲ್ಲಿ ಸೌತೆಕಾಯಿ ಅಥವಾ ಕ್ಯಾರೆಟ್, ಜೊತೆಗೆ ಮಜ್ಜಿಗೆ.

ಇದಕ್ಕೆ ಬೇಕಾದ ತಯಾರಿ ಭಾನುವಾರ ಬೆಳಿಗ್ಗೆ ಆಗಬೇಕು. ಅರ್ಧ ಕಿಲೊ ಹುರುಳಿಯನ್ನು ಮೊರಕ್ಕೆ ಹಾಕಿ ಕಲ್ಲು ಆರಿಸುತ್ತೇನೆ. ಹುರುಳಿಯಲ್ಲಿ ಅದರದ್ದೇ ಬಣ್ಣದ ಸಣ್ಣ ಕಲ್ಲು ಇರುತ್ತದೆ, ಅವಸರ ಮಾಡಿದರೆ ಹಲ್ಲಿಗೇ ಸಿಗುತ್ತದೆ. ರಾತ್ರಿಯವರೆಗೆ ನೆನೆಸಿ, ನೀರು ಚೆಲ್ಲಿ, ಒದ್ದೆ ಬಟ್ಟೆಯಲ್ಲಿ ಬಿಗಿಯಾಗಿ ಕಟ್ಟಿ ಇಡುತ್ತೇನೆ. ಸೋಮವಾರ ಸಂಜೆ ಗಂಟು ಬಿಚ್ಚಿದರೆ ಬಿಳಿ ಮೊಳಕೆಗಳು ಬಟ್ಟೆಯ ನೂಲಿಗೆ ಚುಚ್ಚಿಕೊಂಡಿರುತ್ತವೆ. ಬಿಡಿಸಿ ಫ್ರಿಜ್‌ನಲ್ಲಿಟ್ಟರೆ ಮೂರು ನಾಲ್ಕು ದಿನದ ಕೆಲಸ ಮುಗಿಯಿತು. ಬೇಕಾದಷ್ಟನ್ನು ದಂಟಿನ ಸೊಪ್ಪಿನ ಜೊತೆ ಬೇಯಿಸಿ ಬಸಿದು, ಒಂದೇ ಚಮಚ ಎಣ್ಣೆಯಲ್ಲಿ ಸಾಸಿವೆ, ಒಣಮೆಣಸಿನಕಾಯಿ, ಜಜ್ಜಿದ ಬೆಳ್ಳುಳ್ಳಿ, ಈರುಳ್ಳಿ ಒಗ್ಗರಣೆ ಕೊಟ್ಟು, ಇಳಿಸುವ ಮುಂಚೆ ಎರಡು ಚಮಚ ಕಾಯಿತುರಿ ಉದುರಿಸುತ್ತೇನೆ. 100 ಗ್ರಾಂ ಒಣ ಹುರುಳಿಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇದೆ, ಅಷ್ಟೇ ಅಕ್ಕಿಯಲ್ಲಿ ಏಳೆಂಟು. ಪ್ರೋಟೀನ್ ಮತ್ತು ನಾರು ಸೇರಿದರೆ ಹೊಟ್ಟೆ ಬೇಗ ಖಾಲಿ ಎನಿಸುವುದಿಲ್ಲ. ಮೊದಲ ವಾರ ಹೊಟ್ಟೆ ಉಬ್ಬರಿಸಿತು, ನಿಜ. ಪ್ರಮಾಣ ಕಡಿಮೆ ಮಾಡಿ, ಒಗ್ಗರಣೆಗೆ ಇಂಗು ಸೇರಿಸಿ, ಮೆಲ್ಲಗೆ ಹೆಚ್ಚಿಸಿಕೊಂಡೆ. ಹುರುಳಿ ಉಷ್ಣ ಎಂಬ ಅತ್ತೆಯ ಮಾತಿಗೆ ಬೆಲೆ ಕೊಟ್ಟು ಬೇಸಿಗೆಯಲ್ಲಿ ಹೆಸರುಕಾಳು, ಅಲಸಂದೆಗೆ ಬದಲಾಯಿಸುತ್ತೇವೆ.

ಮುದ್ದೆಯ ವಿಷಯ ಹೇಳಲೇಬೇಕು. ರಾಗಿ ತಿಂದರೆ ತೂಕ ತಾನಾಗಿ ಇಳಿಯುತ್ತದೆ ಎಂದು ನಂಬಿದವರು ನಮ್ಮ ಕಡೆ ಬಹಳ. 100 ಗ್ರಾಂ ರಾಗಿಯಲ್ಲಿ ಸುಮಾರು 320 ಕಿಲೊಕ್ಯಾಲರಿ, ಅಕ್ಕಿಯಲ್ಲಿ 350ರ ಆಸುಪಾಸು, ಅಂತರ ಅಷ್ಟೇ. ರಾಗಿಯ ಹಿರಿಮೆ ಇರುವುದು ಅದರ ಕ್ಯಾಲ್ಸಿಯಂ ಮತ್ತು ನಾರಿನಲ್ಲಿ. ನನ್ನ ಮುದ್ದೆಗೆ 120 ಗ್ರಾಂ ಹಿಟ್ಟು ಬೀಳುತ್ತಿತ್ತು, ಈಗ 60. ತಟ್ಟೆಗೆ ಪಲ್ಯ ಮೊದಲು ಬೀಳುತ್ತದೆ, ಅರ್ಧ ತಟ್ಟೆ ತುಂಬ. ಅದರಲ್ಲಿ ಕಾಲು ಭಾಗ ತಿಂದ ಮೇಲೆಯೇ ಮುದ್ದೆಗೆ ಕೈ ಹಾಕುತ್ತೇನೆ.

ಎಣ್ಣೆಯ ಲೆಕ್ಕ ನನ್ನನ್ನು ಬೆಚ್ಚಿಬೀಳಿಸಿತು. ಮೂರು ಜನರ ಮನೆಗೆ ತಿಂಗಳಿಗೆ ನಾಲ್ಕು ಲೀಟರ್, ಅಂದರೆ ತಲೆಗೆ ದಿನಕ್ಕೆ 40 ಗ್ರಾಂ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ 2000 ಕಿಲೊಕ್ಯಾಲರಿಯ ಊಟಕ್ಕೆ ಸುಮಾರು 27 ಗ್ರಾಂ ಎಣ್ಣೆ, 400 ಗ್ರಾಂ ತರಕಾರಿ ಎಂದಿದೆ. ಎಣ್ಣೆಯ ಪ್ರತಿ ಗ್ರಾಂನಲ್ಲಿ 9 ಕಿಲೊಕ್ಯಾಲರಿ. ಕ್ಯಾನಿನಿಂದ ನೇರವಾಗಿ ಸುರಿಯುವುದನ್ನು ನಿಲ್ಲಿಸಿ ಚಮಚದಲ್ಲಿ ಅಳೆಯತೊಡಗಿದ ಮೇಲೆ ತಿಂಗಳಿಗೆ ಎರಡೂವರೆ ಲೀಟರ್ ಸಾಕಾಗುತ್ತಿದೆ. ಟೀ ನಾಲ್ಕರಿಂದ ಎರಡಕ್ಕೆ ಇಳಿಯಿತು, ಸಕ್ಕರೆ ಎರಡು ಚಮಚದಿಂದ ಅರ್ಧಕ್ಕೆ.

ಮದುವೆ ಊಟಗಳಿಗೆ ನಾನು ಹೆದರುವುದಿಲ್ಲ. ಎಲೆಯ ಮೇಲೆ ಮೊದಲು ಬೀಳುವುದೇ ಕೋಸಂಬರಿ, ಪಲ್ಯ. ಅನ್ನಕ್ಕೆ ಕಾಯದೆ ಅವನ್ನು ಮುಗಿಸಿ, ಇನ್ನೊಮ್ಮೆ ಬಡಿಸಿಕೊಳ್ಳುತ್ತೇನೆ. ಹೋಳಿಗೆ ಒಂದನ್ನು ತುಪ್ಪ ಹಾಕಿಸಿಕೊಂಡೇ ತಿನ್ನುತ್ತೇನೆ.

ಮೊದಲ ತಿಂಗಳು ಒಂದೂವರೆ ಕಿಲೊ ಇಳಿಯಿತು, ಆಮೇಲೆ ತಿಂಗಳಿಗೆ ಅರ್ಧ, ಮುಕ್ಕಾಲು. ದಿನವೂ ನಲವತ್ತು ನಿಮಿಷ ನಡೆಯುತ್ತೇನೆ, ಅದೂ ಸೇರಿದೆ. ಹದಿಮೂರು ತಿಂಗಳಿಗೆ 63 ಕಿಲೊ, ಸೊಂಟ 86. ಬಿಎಂಐ ಇನ್ನೂ 25ರ ಮೇಲೆಯೇ ಇದೆ, ನಾಲ್ಕು ತಿಂಗಳಿಂದ ಮುಳ್ಳು ಅಲ್ಲಾಡಿಲ್ಲ. ಆದರೆ ಮೆಟ್ಟಿಲು ಹತ್ತುವಾಗ ಮಂಡಿ ಹಿಡಿಯುವುದಿಲ್ಲ. ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಅನ್ನವನ್ನು ಒಮ್ಮೆಗೇ ಇಷ್ಟು ಕಡಿಮೆ ಮಾಡಬೇಡಿ. ಸಕ್ಕರೆ ಮಟ್ಟ ಕುಸಿದು ತಲೆ ಸುತ್ತಬಹುದು. ಮೂತ್ರಪಿಂಡದ ತೊಂದರೆ ಇರುವವರೂ ಕಾಳು ಹೆಚ್ಚಿಸುವ ಮುನ್ನ ವೈದ್ಯರನ್ನು ಕೇಳಬೇಕು.

ಈಗ ಬಸ್ಸಾರಿನ ದಿನ ಪಲ್ಯದ ಪಾತ್ರೆ ಮೊದಲು ಖಾಲಿಯಾಗುತ್ತದೆ. ಸಾರು ಮರುದಿನಕ್ಕೆ ಉಳಿಯುತ್ತದೆ. ಅತ್ತೆ ಅದನ್ನು ಮತ್ತೊಮ್ಮೆ ಕುದಿಸಿ, ತಂಗಳ ಬಸ್ಸಾರಿನ ರುಚಿಯೇ ರುಚಿ ಎನ್ನುತ್ತಾ ಬಡಿಸುತ್ತಾರೆ.