ಕ್ಲಾ ಗ್ರಿಪ್ ಹಿಡಿದ ಮೇಲೆ ಮೂರಡಿ ಪಟ್ ಬೀಳತೊಡಗಿತು

ಗಾಲ್ಫ್‌ನಲ್ಲಿ ನಾಲ್ಕಡಿ ಒಳಗಿನ ಪಟ್ (ಗ್ರೀನ್ ಎಂಬ ನುಣುಪು ಹುಲ್ಲಿನ ಮೇಲೆ ಬಾಲನ್ನು ಹೋಲ್‌ಗೆ ಉರುಳಿಸುವ ಹೊಡೆತ) ಈಗ ನನಗೆ ಹತ್ತರಲ್ಲಿ ಎಂಟಾದರೂ ಬೀಳುತ್ತಿದೆ. ನಮ್ಮ ಶನಿವಾರದ ಫೋರ್‌ಬಾಲ್‌ನಲ್ಲಿ, ಅಂದರೆ ನಾಲ್ವರ ಆಟದಲ್ಲಿ, ಕೋಲಿನ ಮೇಲೆ ಬಲಗೈ ಬೆರಳನ್ನು ಸುಮ್ನೆ ಒರಗಿಸುವ ನನ್ನ ಕ್ಲಾ ಹಿಡಿತ ನೋಡಿ 'ಏನ್ ಸಾರ್, ಪಟ್ ಮಾಡ್ತಿದ್ದೀರೋ ಪೆನ್ಸಿಲ್ ಹಿಡಿದಿದ್ದೀರೋ' ಎಂದು ನಕ್ಕವರು ಇದನ್ನು ಎರಡು ಸಲ ಓದಲಿ.

ಕಾಯಿಲೆ ಬಲಗೈಯದು. ಪಟ್ಟರ್ (ಪಟ್ ಹೊಡೆಯುವ ಕೋಲು) ಬಾಲ್‌ಗೆ ತಾಗುವ ಹೊತ್ತಿಗೆ ಸರಿಯಾಗಿ ಮಣಿಕಟ್ಟು ಸೆಟೆದು ತಿರುಗುತ್ತಿತ್ತು. ಮೂವತ್ತಡಿಯಿಂದ ಹತ್ತಿರ ತಂದಿಡುವುದು, ಮೂರಡಿಯಲ್ಲಿ ಎಡಕ್ಕೆ ಎಳೆಯುವುದು. ರೌಂಡಿಗೆ 38 ಪಟ್ ಆಸುಪಾಸು. ಗಿಮ್ಮಿ (ಹೊಡೆಯದೆಯೇ ಬಿತ್ತು ಅಂತ ಬಿಟ್ಟುಕೊಡುವ ಹತ್ತಿರದ ಪಟ್) ಕೇಳಿದರೆ ಎದುರಿನವರು 'ಹಾಕಿ ಸಾರ್, ನೋಡೋಣ' ಅನ್ನುತ್ತಿದ್ದರು. ಪಾಯಿಂಟಿಗೆ 100 ರೂಪಾಯಿ ಆಟ. ಒಂದೇ ಮಳೆಗಾಲದಲ್ಲಿ 15 ಸಾವಿರದ ಹತ್ತಿರ ಕೈಬಿಟ್ಟಿತು.

ಆಮೇಲೆ ಔಷಧಿ ಖರ್ಚು ಶುರು. ಸೆಕೆಂಡ್ ಹ್ಯಾಂಡ್ ಮ್ಯಾಲೆಟ್ (ದಪ್ಪ ತಲೆಯ ಪಟ್ಟರ್) ತಂದೆ, 12 ಸಾವಿರ. ಪಟ್ಟರ್ ಹೊಸದು, ಕೈ ಅದೇ. ಒಬ್ಬ ಕೋಚ್ ಗಂಟೆಗೆ 2 ಸಾವಿರ ತೆಗೆದುಕೊಂಡು 'ರಿಲ್ಯಾಕ್ಸ್' ಅಂದರು. ಲೆಫ್ಟ್ ಹ್ಯಾಂಡ್ ಲೋ, ಅಂದರೆ ಎಡಗೈ ಕೆಳಗೆ ಹಿಡಿದೆ, ವೃತ್ತಿಪರ ಆಟಗಾರ ಜಿಮ್ ಫ್ಯೂರಿಕ್ ಹಾಗೆ. ದಿಕ್ಕು ಸರಿಹೋಯಿತು, ದೂರದ ಅಂದಾಜು ಪೂರ್ತಿ ಹೋಯಿತು. ಆರ್ಮ್‌ಲಾಕ್‌ಗೂ ಕೈಹಾಕಿದೆ. 2016ರಿಂದ ಪಟ್ಟರನ್ನು ಹೊಟ್ಟೆಗೋ ಎದೆಗೋ ಊರುವಂತಿಲ್ಲ, ಆದರೆ ಹೀಗೆ ಮುಂಗೈಗೆ ಒತ್ತಿಕೊಳ್ಳಬಹುದು. ಬ್ರೈಸನ್ ಡಿಶಾಂಬೊ 2020ರ ಯುಎಸ್ ಓಪನ್ ಗೆದ್ದದ್ದು ಹಾಗೇ ಅಲ್ವಾ? ಅದಕ್ಕೆ ಉದ್ದದ ಶಾಫ್ಟ್ (ಪಟ್ಟರಿನ ದಂಡ) ಬೇಕು, ಲಾಫ್ಟೂ (ಪಟ್ಟರ್ ಮುಖದ ಓರೆ) ಜಾಸ್ತಿ ಬೇಕು. ಶಾಫ್ಟ್ ಹಾಕಿಸಿದೆ. ಲಾಫ್ಟ್ ಬಗ್ಗಿಸಿಕೊಡುವವರು ಸಿಗಲಿಲ್ಲ. ಹಾಗಾಗಿ ಬಾಲ್ ಕುಪ್ಪಳಿಸಿಕೊಂಡೇ ಹೊರಡುತ್ತಿತ್ತು. ಇನ್ನೊಂದು ಮೂರು ಸಾವಿರ ನೀರಿಗೆ.

ಕ್ಲಾ ಕಡೆ ತಿರುಗಿಸಿದ್ದು ಅಮೆರಿಕದ ಆಟಗಾರ ಸ್ಕಾಟಿ ಶೆಫ್ಲರ್. 2024ರ ಕೊನೆಗೆ ಅವನು ಇದಕ್ಕೆ ಬಂದ, 2025ರಲ್ಲಿ ಪಿಜಿಎ ಚಾಂಪಿಯನ್‌ಶಿಪ್ಪೂ ದಿ ಓಪನ್ನೂ ಹೊಡೆದ. ಸೆರ್ಗಿಯೋ ಗಾರ್ಸಿಯಾ 2017ರ ಮಾಸ್ಟರ್ಸ್ ಗೆದ್ದದ್ದೂ ಇದರಲ್ಲೇ. ನನಗೆ ಬೇಕಾದ ಸುಳಿವು ಬೇರೆ: ಉದ್ದದ ಪಟ್ ಬಂದರೆ ಶೆಫ್ಲರ್ ಹಳೇ ಹಿಡಿತಕ್ಕೇ ಹೋಗುತ್ತಾನೆ. ಎರಡನ್ನೂ ಇಟ್ಟುಕೊಳ್ಳಬಹುದು ಅಂದಮೇಲೆ ಹೆದರಿಕೆ ಯಾಕೆ?

ಎಡಗೈ ಎಂದಿನಂತೆ. ಬಲಗೈಯ ಅಂಗೈ ನನ್ನ ತೊಡೆಯ ಕಡೆಗೆ. ಗ್ರಿಪ್ಪು ಹೆಬ್ಬೆರಳು ತೋರುಬೆರಳಿನ ಸಂದಿಯಲ್ಲಿ ಕೂರುತ್ತದೆ. ತೋರುಬೆರಳು, ನಡುಬೆರಳು ಮೇಲೆ ಸುಮ್ನೆ ಒರಗಿರುತ್ತವೆ. ಉಳಿದೆರಡಕ್ಕೆ ಕೆಲಸವಿಲ್ಲ. ಬಲಗೈ ತಳ್ಳಬಹುದು ಅಷ್ಟೇ, ತಿರುಗಿಸಲು ಅದಕ್ಕೆ ಹಿಡಿತವೇ ಇಲ್ಲ.

ಮೊದಲ ಕೆಲವು ವಾರ ಎಲ್ಲಾ ಬಲಕ್ಕೆ ಹೋದವು. ಬಾಲನ್ನು ಅರ್ಧ ಬಾಲಿನಷ್ಟು ಮುಂದಕ್ಕೆ ತಂದೆ, ಬಲ ಮೊಣಕೈಯನ್ನು ಸ್ವಲ್ಪ ಹೊರಗೆ ಬಿಟ್ಟೆ. ಎಡಗೈಯ ಒಂದು ಬೆರಳನ್ನು ಮಾತ್ರ ಬಿಗಿ ಮಾಡಬೇಕು. ಯಾವುದು ಅಂತ ಹೇಳುವುದಿಲ್ಲ, ಶನಿವಾರದವರು ಓದುತ್ತಾರೆ. ಮನೆಯಲ್ಲಿ ಹಾಲ್‌ನ ಟೈಲ್ಸ್ ಸಂದಿನ ಗೆರೆ ಮೇಲೆ ಬರೀ ಪಟ್ಟರ್ ಆಡಿಸಿದೆ. ಗೆರೆ ತಪ್ಪಿದರೆ ಕಣ್ಣಿಗೆ ಹೊಡೆಯುತ್ತದೆ. ಪ್ರಾಕ್ಟೀಸ್ ಮ್ಯಾಟ್ ದುಡ್ಡು ಉಳಿಯಿತು.

ದಪ್ಪ ಗ್ರಿಪ್ಪನ್ನೂ ನಾನೇ ಹಾಕಿದೆ. ಎರಡು ಕಡೆ ಅಂಟುವ ಟೇಪು, ಮೇಲೆ ಒಂದಿಷ್ಟು ಪೆಟ್ರೋಲ್, ಒಂದೇ ಉಸಿರಿಗೆ ತಳ್ಳಿಬಿಡಬೇಕು. ಚಪ್ಪಟೆ ಬದಿ ಒಂದು ಕೂದಲು ಸೊಟ್ಟ ಕೂತರೂ ಪಟ್ಟರ್ ಮುಖ ಸೊಟ್ಟ. ಗ್ರಿಪ್ 2,500ರ ಹತ್ತಿರ. ಇಷ್ಟೆಲ್ಲಾ ಖರ್ಚಿನಲ್ಲಿ ಕೆಲಸಕ್ಕೆ ಬಂದದ್ದು ಇದೊಂದೇ.

ನಡುವೆ ಬಾಲ್ ಬಿಟ್ಟು ಹೋಲ್ ನೋಡುತ್ತಾ ಪಟ್ ಮಾಡಿ ನೋಡಿದೆ. ಅಮೆರಿಕದ ಆಟಗಾರ ಜೋರ್ಡನ್ ಸ್ಪೀತ್ ಚಿಕ್ಕ ಪಟ್‌ಗೆ ಹಾಗೆ ಮಾಡುತ್ತಿದ್ದ. ನನಗೆ ಉಲ್ಟಾ. ಚಿಕ್ಕದರಲ್ಲಿ ದಂಡ, ನಲವತ್ತಡಿಯಲ್ಲಿ ಅದ್ಭುತ. ಅದನ್ನೂ ಇಟ್ಟುಕೊಂಡಿದ್ದೇನೆ.

ಈಗ ರೌಂಡಿಗೆ 33, ಕೆಟ್ಟ ದಿನ 34. ಹ್ಯಾಂಡಿಕ್ಯಾಪ್ (ಕಡಿಮೆಯಾದಷ್ಟೂ ಆಟ ಒಳ್ಳೇದು) 17ರಿಂದ 14ಕ್ಕೆ ಇಳಿದಿದೆ. ಹೋದ ದುಡ್ಡಿನಲ್ಲಿ ಅರ್ಧ ವಾಪಸ್ ಬಂದಿದೆ. ಬ್ಯಾಗ್ ಹೊರುವ ಕ್ಯಾಡಿ ಮೊನ್ನೆ ಲೈನ್ ಹೇಳುತ್ತಾ, 'ಒಂದು ಕಪ್ ಲೆಫ್ಟ್ (ಹೋಲಿನ ಅಗಲದಷ್ಟು ಎಡಕ್ಕೆ) ಸಾರ್. ಕೈ ಈಗ ಸುಮ್ನಿದೆ, ಹೊಡೀರಿ' ಅಂದ. ನಾನು ಕೊಟ್ಟ ಟಿಪ್ಪಿಗೂ ಈ ಮಾತಿಗೂ ಸಂಬಂಧವಿಲ್ಲ.

ಇಳಿಜಾರಿನ ಎಂಟಡಿ ಪಟ್ ಮಾತ್ರ ಇನ್ನೂ ಸಿಕ್ಕಿಲ್ಲ. ದಪ್ಪ ಗ್ರಿಪ್ಪಿನಿಂದ ಪಟ್ಟರ್ ತಲೆ ಹಗುರ ಅನಿಸುತ್ತದೆ. ಸೀಸದ ಟೇಪ್ ಅಂಟಿಸಿ ನೋಡುತ್ತಿದ್ದೇನೆ, ಸದ್ಯಕ್ಕೆ ಹತ್ತು ಗ್ರಾಂ. ಒಣ ಗ್ರೀನ್‌ನಲ್ಲಿ ಪರವಾಗಿಲ್ಲ, ಬೆಳಗಿನ ಇಬ್ಬನಿಯಲ್ಲಿ ತೂಕ ಜಾಸ್ತಿಯಾಗುತ್ತಿದೆ.